ಪುಟದಿಂದ ಮರೆಯಾದ ಮುಖ

"ಇವನು ನನ್ನ ತಮ್ಮ ಅಲ್ಲ!"

ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದ ಹುಡುಗಿ ತನ್ನ ಮೊಬೈಲನ್ನು ವಜ್ದಿಯ ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿದಳು. ಬೆಚ್ಚಿಬಿದ್ದ ಅವನ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು.

"ಸರಿಯಾಗಿ ನೋಡಿ! ಇದು ಮನುಷ್ಯನ ಮುಖವಾ, ಕತ್ತೆ ಮುಖವಾ?"

ಲಿಬಿಯಾ ಗಡಿಗೆ ಹತ್ತಿರದ ಜರ್ಜೀಸಿನ ಬಂದರಿನಲ್ಲಿ ಮೀನುಗಾರರ ಸಂಘದ ಹಿಂದಿನ ಕೋಣೆ ಅದು. ಹಗಲು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ವಜ್ದಿ, ಸಂಜೆ ಇಲ್ಲಿ ಕೂತು ಒಂದು ವೆಬ್ ಪುಟ ನೋಡಿಕೊಳ್ಳುತ್ತಿದ್ದ. ಇಟಲಿಗೆ ಹೋಗುತ್ತೇವೆಂದು ಕದ್ದು ದೋಣಿ ಹತ್ತಿ, ಆಮೇಲೆ ಒಂದು ಫೋನ್ ಕೂಡ ಮಾಡದ ನಮ್ಮೂರ ಹುಡುಗರ ಫೋಟೋಗಳ ಪುಟ. ಪುಟ ಉದ್ದವಾಗುತ್ತಲೇ ಇತ್ತು. ನಮ್ಮೂರಿನ ಸಮುದ್ರಕ್ಕೆ ಹೊಟ್ಟೆ ತುಂಬುವುದೇ ಇಲ್ಲ!

"ಹೆಸರು?" ಎಂದ ವಜ್ದಿ, ಅಂಗಿ ಒರೆಸಿಕೊಳ್ಳುತ್ತಾ.

"ರಬಾಬ್."

"ನಿಮ್ಮದಲ್ಲ. ಅವನದು."

ಅವಳ ಮುಖ ಕೆಂಪಾಯಿತು. "ಹುಸಾಮ್..."

ವಜ್ದಿ ಪುಟ ತೆರೆದ. ಅವಳು ಹೇಳಿದ್ದು ನಿಜವೇ. ಅಡ್ಡಕ್ಕೆ ತೆಗೆದ ಫೋಟೋ ಉದ್ದನೆಯ ಚೌಕಟ್ಟಿಗೆ ಸಿಕ್ಕಿ ಎರಡೂ ಕಡೆಯಿಂದ ಹಿಚುಕಿದಂತಾಗಿತ್ತು. ಕೆನ್ನೆ ಒಳಗೆ ಹೋಗಿ, ಗದ್ದ ಜೋತುಬಿದ್ದಿತ್ತು.

"ನನ್ನ ತಪ್ಪೂ ಸ್ವಲ್ಪ ಇದೆ," ಅಂದ ಅವನು. "ಮೊದಲು ಒಂದೊಂದು ಫೋಟೋ ಒಂದೊಂದು ಅಳತೆಯಲ್ಲಿತ್ತು. ತಾಯಂದಿರು ಬಂದು ಜಗಳ ತೆಗೆದ್ರು. 'ಅವಳ ಮಗ ಅಷ್ಟು ದೊಡ್ಡದಾಗಿ ಕಾಣ್ತಾನೆ, ನನ್ನ ಮಗ ಯಾಕೆ ಅಂಚೆ ಚೀಟಿ ಥರ? ಅವಳೇನು ನಿನ್ನ ಅತ್ತೆಯಾ?' ಅಂತ. ಅದಕ್ಕೇ ಎಲ್ರಿಗೂ ಒಂದೇ ಅಗಲ, ಒಂದೇ ಎತ್ತರ ಬರೆದುಬಿಟ್ಟೆ. ಯಾರಿಗೂ ಅನ್ಯಾಯ ಆಗಬಾರದು ನೋಡಿ."

"ಎಲ್ಲರ ಮುಖಾನೂ ಸಮನಾಗಿ ಕೆಡಿಸೋದು ನ್ಯಾಯಾನಾ? ಅಲ್ಲೆಲ್ಲೋ ಯಾವನೋ ಒಬ್ಬ ಇದನ್ನ ನೋಡಿ ನನ್ನ ತಮ್ಮನ್ನ ಗುರುತು ಹಿಡೀಬೇಕು. ಹಡೆದ ತಾಯಿಗೇ ಗೊತ್ತಾಗ್ಲಿಲ್ಲ ಸ್ವಾಮಿ! ಯಾರೇ ಇವನು ಅಂತ ನನ್ನನ್ನೇ ಕೇಳಿದ್ರು!"

ವಜ್ದಿ ಆ ಫೋಟೋಗೆ ಪುಟದ ಹಿಂದೆ ಬರೆದಿದ್ದ ಕೋಡಿನ ಸಾಲನ್ನು ತೆರೆದ. ಚಿತ್ರ ಎಲ್ಲಿದೆ, ಅಗಲ ಎಷ್ಟು, ಎತ್ತರ ಎಷ್ಟು... ಎಲ್ಲ ಒಂದೇ ಸಾಲಿನಲ್ಲಿತ್ತು. ಎತ್ತರವನ್ನು ಮಾತ್ರ ಅಳಿಸಿದ.

"ಅಗಲ ಅಷ್ಟೇ ಹೇಳಿದ್ರೆ ಸಾಕು. ತನ್ನ ಎತ್ತರ ಎಷ್ಟು ಅಂತ ಫೋಟೋಗೇ ಗೊತ್ತಿರುತ್ತೆ."

ಪುಟ ಮತ್ತೆ ತೆರೆದುಕೊಂಡಿತು. ಹುಸಾಮ್ ನಗುತ್ತಿದ್ದ! ದುಂಡು ಮುಖ, ಬಿಸಿಲಿಗೆ ಕಿರಿದಾದ ಕಣ್ಣು, ಹಣೆಗೆ ಅಡ್ಡ ಹಿಡಿದ ಕೈ.

ರಬಾಬ್ ಕುರ್ಚಿಯ ಮೇಲೆ ಕುಸಿದು ಕೂತು, ನಾಚಿಕೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು. ವಜ್ದಿಗೆ ಏನು ಮಾಡಬೇಕೋ ತೋಚಲಿಲ್ಲ. ಉಳಿದಿದ್ದ ಅರ್ಧ ಲೋಟ ಕಾಫಿಯನ್ನೇ ಅವಳ ಮುಂದೆ ಸರಿಸಿದ.

"ಬೇರೆಯವರದ್ದು?" ಕಣ್ಣೊರೆಸಿಕೊಂಡು ಕೇಳಿದಳು ಅವಳು. "ಅವರೂ ಯಾರದೋ ಮನೆ ಮಕ್ಕಳೇ ತಾನೇ?"

*

ಹಾಗೆ ಶುರುವಾದದ್ದು.

ರಬಾಬ್ ಸಂಜೆ ಹೊತ್ತು ಸಂಘಕ್ಕೆ ಬರತೊಡಗಿದಳು. ತಾಯಂದಿರ ಮನೆಗಳಿಗೆ ಹೋಗಿ ಫೋಟೋ ತರುವುದು ಅವಳ ಕೆಲಸ. ಕೆಲವರ ಹತ್ತಿರ ಗಾಜಿನ ಚೌಕಟ್ಟಿನ ಫೋಟೋ, ಕೆಲವರದು ಯಾರದೋ ಮದುವೆ ಗುಂಪಿನಲ್ಲಿ ಹಿಂದೆ ನಿಂತ ಮುಖ. ಹೂವು, ಹೃದಯಗಳ ಅಲಂಕಾರ ಹಾಕಿ ಕಳಿಸುವವರೂ ಇದ್ದರು. ಗುಲಾಬಿಗಳ ನಡುವೆ ಒಬ್ಬ ಕಾಣೆಯಾದ ಹುಡುಗ!

"ಈ ಫೋಟೋನ ದೊಡ್ಡದು ಮಾಡು," ಅಂದಳು ಒಮ್ಮೆ.

"ಮಾಡ್ಬಹುದು. ಆದ್ರೆ ಕಾಣಲ್ಲ. ಮೆಸೇಜಲ್ಲಿ ಬರೋವಾಗ್ಲೇ ಸವೆದುಹೋಗಿದೆ. ಅಗಲ ಜಾಸ್ತಿ ಬರೆದ್ರೆ ಇರೋದೂ ಮಸುಕಾಗುತ್ತೆ. ತೆಗೆದ ಫೋನಲ್ಲಿರೋ ಮೂಲ ಫೋಟೋನೇ ಬೇಕು. ಹುಸಾಮಂದು ನಿನ್ನ ಫೋನಲ್ಲಿದ್ಯಲ್ಲ, ಅದನ್ನೂ ಕೊಟ್ಟಿರು."

ಅವಳು ಕೊಟ್ಟಳು. ಯಾಕೆಂದು ಕೇಳಲಿಲ್ಲ.

ನೆಟ್‌ವರ್ಕ್ ಸರಿಯಿಲ್ಲದ ಕಡೆ ಫೋಟೋ ತೆರೆಯದಿದ್ದರೆ ಅದರ ಜಾಗದಲ್ಲಿ ಕಾಣುವ ಮಾತುಗಳನ್ನೂ ಪ್ರತಿ ಫೋಟೋದ ಕೋಡಿನ ಸಾಲಿನಲ್ಲೇ ಬರೆಯಬೇಕಿತ್ತು. ವಜ್ದಿ ಎಲ್ಲ ಕಡೆಯೂ 'ಫೋಟೋ' ಎಂದಷ್ಟೇ ಬರೆದಿಟ್ಟಿದ್ದ. ರಬಾಬ್ ತಲೆ ಚಚ್ಚಿಕೊಂಡಳು. "ಅಯ್ಯೋ ಮೇಷ್ಟ್ರೇ! ಫೋಟೋ ಅಂತ ಅವರಿಗೆ ಗೊತ್ತಿಲ್ವಾ?" ಎಂದು ಎಲ್ಲವನ್ನೂ ಹೊಸದಾಗಿ ಬರೆದಳು. ಎಡ ಹುಬ್ಬಿನಲ್ಲಿ ಗಾಯದ ಗುರುತು. ಮುಂದಿನ ಹಲ್ಲು ಮುರಿದಿದೆ. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಾನೆ.

ಅವಳು ಬರೆಯುತ್ತಿದ್ದರೆ ವಜ್ದಿ ಅವಳನ್ನೇ ನೋಡುತ್ತಿದ್ದ. ಅದು ಅವಳಿಗೂ ಗೊತ್ತಾಗುತ್ತಿತ್ತು. ಗೊತ್ತಾಗದ ಹಾಗೆ ಇರುವುದು ಕಷ್ಟವಾಗುತ್ತಿತ್ತು!

ಒಂದು ಸಂಜೆ ಅವನು ಕೇಳಿಯೇಬಿಟ್ಟ. "ನಮ್ಮ ಚಿಕ್ಕಮ್ಮನ್ನ ನಿಮ್ಮ ಮನೆಗೆ ಕಳಿಸ್ಲಾ?"

ಚಿಕ್ಕಮ್ಮ ಯಾಕೆ ಬರುತ್ತಾಳೆಂದು ಯಾವ ಹುಡುಗಿಗೆ ಗೊತ್ತಾಗುವುದಿಲ್ಲ? ರಬಾಬಳ ನಾಲಿಗೆಯ ತುದಿಗೆ 'ಹೂಂ' ಬಂದೇಬಿಟ್ಟಿತ್ತು. ಆದರೆ ಮರುಕ್ಷಣವೇ ತಾಯಿ ಮಬ್ರೂಕಾಳ ಮುಖ ಕಣ್ಣ ಮುಂದೆ ಬಂತು. ಹುಸಾಮ್ ಹೋದ ಮೇಲೆ ಆ ತಾಯಿ ಹಬ್ಬಕ್ಕೂ ಹೊಸ ಬಟ್ಟೆ ಉಟ್ಟಿರಲಿಲ್ಲ.

"ಬೇಡ ವಜ್ದಿ... ಈಗ್ಲೇ ಬೇಡ. ಅಮ್ಮ ಆಣೆ ಇಟ್ಟಿದ್ದಾರೆ. ಹುಸಾಮ್ ಬರಬೇಕು, ಇಲ್ಲಾ ಏನಾದ ಅಂತ ಗೊತ್ತಾಗಬೇಕು. ಅಲ್ಲೀತನಕ ನಮ್ಮನೇಲಿ ಶುಭಕಾರ್ಯ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ."

"ಕಾಯ್ತೀನಿ."

"ಎಲ್ಲೀವರೆಗೆ?"

 

*

ಅದೊಂದು ಬೆಳಿಗ್ಗೆ ರಬಾಬ್ ಎಂದಿನಂತೆ ಪುಟ ತೆರೆದಳು. ದಿನವೂ ಮುಖ ತೊಳೆಯುವ ಮೊದಲು ತಮ್ಮನನ್ನು ನೋಡುವುದು ಅವಳಿಗೆ ರೂಢಿಯಾಗಿತ್ತು.

ಹುಸಾಮನ ಮುಖ ಇರಲಿಲ್ಲ!

ಆ ಜಾಗದಲ್ಲಿ, ಅದೇ ಫೋಟೋದಲ್ಲಿ ಹಣೆಗೆ ಅಡ್ಡ ಹಿಡಿದಿದ್ದ ಕೈಯ ಮಣಿಕಟ್ಟು ಮಾತ್ರ ಇತ್ತು. ಪರದೆಯ ಅಗಲಕ್ಕೂ ದೊಡ್ಡದಾಗಿ, ಬಲೆ ಹೆಣೆಯುವ ಹಸಿರು ದಾರದ ಕಡಗ ಸುತ್ತಿದ ಮಣಿಕಟ್ಟು. ಬಲೆ ರಿಪೇರಿ ಮಾಡುತ್ತಿದ್ದ ಹುಸಾಮ್ ತಾನೇ ಹೆಣೆದುಕೊಂಡ ಕಡಗ ಅದು. ಗಂಟಿನ ಒಂದೊಂದು ಎಳೆಯೂ ಕಾಣುತ್ತಿತ್ತು.

ಕೈ, ಬಟ್ಟೆ, ಕಡಗಗಳನ್ನು ಯಾರು ಹುಡುಕುತ್ತಾರೆ, ಎಲ್ಲಿ ಹುಡುಕುತ್ತಾರೆ ಎನ್ನುವುದು ಜರ್ಜೀಸಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಬದುಕಿದ್ದವನನ್ನು ಮುಖದಿಂದಲೇ ಗುರುತಿಸುತ್ತಾರೆ.

ಶಾಲೆಯ ಗೇಟಿನಲ್ಲೇ ಅವನನ್ನು ತಡೆದಳು.

"ಅವನ ಮುಖ ಯಾಕೆ ತೆಗೆದೆ?"

"ಹೇಳ್ಬೇಕು ಅಂತಿದ್ದೆ ರಬಾಬ್... ಗಡಿಯಾಚೆ ಲಿಬಿಯಾದ ಒಬ್ಬ ಡಾಕ್ಟರು ಫೋನ್ ಮಾಡಿದ್ರು. ಅವರು ಶವಾಗಾರ ನೋಡ್ಕೊಳ್ಳೋರು. ದಡಕ್ಕೆ ಬಂದವರ ಮುಖ... ಗುರುತು ಸಿಗೋ ಹಾಗಿರಲ್ವಂತೆ. ಮೈಮೇಲಿರೋ ವಸ್ತುಗಳನ್ನ ದೊಡ್ಡದಾಗಿ ಹಾಕಿ ಅಂದ್ರು. ಸ್ಪಷ್ಟವಾದ ಮೂಲ ಫೋಟೋ ಇದ್ದದ್ದು ಹುಸಾಮಂದೇ, ಅದಕ್ಕೇ ಮೊದಲು..."

"ಅಂದ್ರೆ ನೀನು ಅವನನ್ನ ಮಣ್ಣು ಮಾಡಿಬಿಟ್ಟೆ!"

"ಇಲ್ಲ, ಹಾಗಲ್ಲ..."

"ಹಾಗೇ! ಅವನು ಸತ್ತ ಅಂತ ತೀರ್ಮಾನ ಆದ್ರೆ ಅಮ್ಮನ ಆಣೆ ಮುಗೀತು. ನಿನ್ನ ಚಿಕ್ಕಮ್ಮ ಸಿಹಿ ಹಿಡ್ಕೊಂಡು ನಮ್ಮ ಮನೆಗೆ ಬರಬಹುದು. ಅದಕ್ಕೇ ತಾನೇ?"

ವಜ್ದಿ ಬಾಯಿ ತೆರೆದ. ಮಾತು ಹೊರಡಲಿಲ್ಲ.

ಆ ಮೌನವೇ ಅವಳಿಗೆ ಸಾಕಾಯಿತು. 'ಅಲ್ಲ ಅಂತ ಒಂದು ಮಾತು ಹೇಳೋಕೂ ಆಗ್ಲಿಲ್ವಾ ಇವನಿಗೆ...' ಎಂದುಕೊಳ್ಳುತ್ತಾ, ಬಿಸಿಲಿನಲ್ಲಿ ಕಾಲು ಸುಡುವುದೂ ಗೊತ್ತಾಗದೆ ಮನೆಯ ಕಡೆ ನಡೆದಳು.

ಆ ಸಂಜೆಯೇ ಹುಸಾಮನ ಮುಖ ಪುಟಕ್ಕೆ ಮರಳಿತು. ಅದರ ಕೆಳಗೆ ಮಣಿಕಟ್ಟಿನ ಚಿತ್ರವೂ ಉಳಿಯಿತು. ರಬಾಬ್ ಮಾತ್ರ ಸಂಘದ ಕಡೆ ತಲೆ ಹಾಕಲಿಲ್ಲ. ಅವನು ಮಾಡಿದ ಕರೆಗಳನ್ನೂ ಎತ್ತಲಿಲ್ಲ.

*

ಆಲಿವ್ ಕೊಯ್ಲು ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ವಜ್ದಿ ಅವಳ ಮನೆಯ ಬಾಗಿಲಲ್ಲಿ ನಿಂತಿದ್ದ.

'ಕ್ಷಮೆ ಕೇಳೋಕೆ ಬಂದ...' ಎಂದುಕೊಂಡಳು ರಬಾಬ್. ಎದೆಯ ಮೂಲೆಯಲ್ಲೆಲ್ಲೋ ಒಂದಿಷ್ಟು ಸಂತೋಷವೂ ಆಯಿತು, ಪಾಪದ ಹುಡುಗಿಗೆ. ಆದರೆ ಅವನ ಕಣ್ಣು ನೋಡಿದವಳೇ ಬಾಗಿಲಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮ ಇದಾರಾ?" ಎಂದ ಅವನು.

"ಯಾರೇ ಅದು?" ಅಂಗಳದಲ್ಲಿ ಕೂತು ಗೋಧಿ ರವೆ ಜರಡಿ ಹಿಡಿಯುತ್ತಿದ್ದ ಮಬ್ರೂಕಾ ಕರೆದಳು. "ಮೇಷ್ಟ್ರಾ? ಒಳಗೆ ಬಾ ಮಗನೇ. ಊಟ ಆಯ್ತಾ?"

ವಜ್ದಿ ಅವಳ ಮುಂದೆ ನೆಲದ ಮೇಲೆಯೇ ಕೂತ. ಮೊಬೈಲ್ ತೆಗೆದು ಅವಳ ಕೈಗಿಟ್ಟ. ಲಿಬಿಯಾದ ಡಾಕ್ಟರು ಕಳಿಸಿದ್ದ ಫೋಟೋ. ಬಿಳಿ ಬಟ್ಟೆಯ ಮೇಲೆ ಹಸಿರು ದಾರದ ಕಡಗ. ಬಣ್ಣ ಮಾಸಿತ್ತು. ಗಂಟು ಹಾಗೇ ಇತ್ತು.

ಮಬ್ರೂಕಾ ಕಣ್ಣು ಕಿರಿದಾಗಿಸಿ ನೋಡಿದಳು. ರವೆ ಮೆತ್ತಿದ ಬೆರಳಿನಿಂದ ಪರದೆಯನ್ನು ಒಂದು ಸಲ ಸವರಿದಳು.

"ಕೊನೇಲಿ ಒಂದು ಸುತ್ತು ಜಾಸ್ತಿ ಹಾಕಿದ್ದಾನೆ," ಎಂದಳು ಮೆಲ್ಲಗೆ. "ಅವನು ಯಾವಾಗ್ಲೂ ಹಾಗೇ. ನನ್ನ ಗಂಟು ಬಿಚ್ಕೊಳ್ಳಲ್ಲಮ್ಮಾ ಅಂತಿದ್ದ."

ಆಮೇಲೆ ಅವಳು ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಯವರೆಲ್ಲ ಓಡಿಬಂದರು.

ಮಬ್ರೂಕಾಳ ರಕ್ತ ತೆಗೆದು ಮಾಡಿದ ಡಿಎನ್‌ಎ ಪರೀಕ್ಷೆಯೂ ಅದನ್ನೇ ಹೇಳಿತು. ಗುರುತಿಲ್ಲದವನೆಂದು ಗಡಿಯಾಚೆ ಹೂತಿದ್ದ ಹುಸಾಮನನ್ನು ಮನೆಗೆ ತಂದರು. ಮುಖ ನೋಡಲು ಮಾತ್ರ ಯಾರಿಗೂ ಬಿಡಲಿಲ್ಲ. ತಂದೆಯ ಗೋರಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಶವ ಹೊರುವಾಗ ವಜ್ದಿಯೂ ಹೆಗಲು ಕೊಟ್ಟ. ಊಟದ ಹೊತ್ತಿಗೆ ಮಾತ್ರ ಯಾರ ಕಣ್ಣಿಗೂ ಬೀಳದೆ ಹೊರಟುಹೋದ.

ಆ ವಾರ ಮಬ್ರೂಕಾ ಮೊದಲ ಸಲ ಹೊತ್ತು ಏರುವವರೆಗೂ ಮಲಗಿದಳು. ಪಕ್ಕದಲ್ಲಿ ಕೂತು ಅವಳ ಉಸಿರನ್ನೇ ಕೇಳುತ್ತಿದ್ದ ರಬಾಬ್‌ಗೆ ಅಳುವೂ ಬಂತು, ಹಗುರವೂ ಆಯಿತು. ಹಗುರವಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

*

ನಲವತ್ತನೇ ದಿನದ ಕಾರ್ಯ ಮುಗಿದ ಮೇಲೆ ರಬಾಬ್ ಸಂಘದ ಕೋಣೆಗೆ ಹೋದಳು. ವಜ್ದಿ ಒಬ್ಬನೇ ಇದ್ದ. ಸಿಕ್ಕವರ ಫೋಟೋವನ್ನು ಪುಟದಿಂದ ತೆಗೆಯುವುದು ಅಲ್ಲಿಯ ಪದ್ಧತಿ. ಹುಸಾಮನದು ಇನ್ನೂ ಅಲ್ಲೇ ಇತ್ತು.

"ಯಾಕೆ ತೆಗೆದಿಲ್ಲ?"

"ನನಗೆ ಆಗ್ಲಿಲ್ಲ. ಒಂದು ಸಲ ನಿನ್ನ ಕೇಳದೇ ತೆಗೆದಿದ್ದೆನಲ್ಲ."

ಅವಳು ಕುರ್ಚಿ ಎಳೆದು ಅವನ ಪಕ್ಕ ಕೂತಳು. ಎರಡು ಸಾಲು. ಒಂದು ಮುಖದ್ದು, ಒಂದು ಮಣಿಕಟ್ಟಿನದು. ತಾನೇ ಒಂದೊಂದಾಗಿ ಅಳಿಸಿದಳು. ಕೆಳಗಿದ್ದ ಹುಡುಗ ಮೇಲೆ ಸರಿದು ಆ ಜಾಗ ತುಂಬಿಕೊಂಡ. ಅವನೂ ನಗುತ್ತಲೇ ಇದ್ದ. ಅವನ ತಾಯಿ ಇನ್ನೂ ಕಾಯುತ್ತಿದ್ದಳು.



"ಅವತ್ತು ಗೇಟಲ್ಲಿ ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡ್ಲಿಲ್ಲ," ಅಂದಳು ರಬಾಬ್.

ವಜ್ದಿ ತಲೆ ತಗ್ಗಿಸಿದ. "ಕೊಟ್ಟಿದ್ರೆ ಸುಳ್ಳಾಗ್ತಿತ್ತು."

ಅವಳು ಅವನ ಕಡೆ ತಿರುಗಿ ಕೂತಳು.

"ಡಾಕ್ಟರು ಹೇಳಿದ್ದು ನಿಜ. ಕೆಲಸಕ್ಕೋಸ್ಕರ ಹಾಕಿದ್ದೂ ನಿಜ. ಆದ್ರೆ ಆ ಸಾಲು ಬರೀತಾ ಇರೋವಾಗ ಒಂದು ಯೋಚನೆ ಬಂತು ರಬಾಬ್... ಇದರಿಂದ ಹುಸಾಮ್ ಏನಾದ ಅಂತ ಗೊತ್ತಾಗಿಬಿಟ್ರೆ, ಮದುವೆಗೆ ನಿನ್ನ ಕೇಳಬಹುದಲ್ಲಾ ಅಂತ. ಒಂದೇ ಒಂದು ಗಳಿಗೆ. ಅದಕ್ಕೇ ನಿನಗೆ ಹೇಳೋಕೆ ಮುಖ ಇರ್ಲಿಲ್ಲ. ನೀನು ಅದನ್ನೇ ಕೇಳಿದಾಗ... ಅಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ." ಅವನು ಕಂಪ್ಯೂಟರಿನ ಪರದೆ ಆರಿಸಿದ. "ಇಂಥವನನ್ನ ನೀನು ಒಪ್ಪಬೇಕಿಲ್ಲ."

ಹೊರಗೆ ಒಂದು ದೋಣಿಯ ಎಂಜಿನ್ ಸದ್ದು ಮಾಡಿ ನಿಂತಿತು. ರಬಾಬಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ನನಗೂ ಬಂದಿತ್ತು," ಎಂದಳು.

"ಏನು?"

"ಅದೇ ಯೋಚನೆ. ನಿನಗಿಂತ ಮೊದಲೇ! ನೀನು ಚಿಕ್ಕಮ್ಮನ್ನ ಕಳಿಸ್ಲಾ ಅಂದ್ಯಲ್ಲ, ಅವತ್ತೇ. ಮನೆಗೆ ಹೋಗ್ತಾ ದಾರೀಲಿ... ಏನಾದ್ರೂ ಆಗ್ಲಿ, ಗೊತ್ತಾದ್ರೆ ಸಾಕು ದೇವರೇ ಅಂದೆ. ಏನಾದ್ರೂ ಆಗ್ಲಿ ಅಂದೆ ವಜ್ದಿ! ನನ್ನ ಸ್ವಂತ ತಮ್ಮನಿಗೆ! ಆ ಸಿಟ್ಟನ್ನೇ ನಿನ್ನ ಮೇಲೆ ತೀರಿಸ್ಕೊಂಡೆ."

ವಜ್ದಿ ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಅವಳು ಎಳೆದುಕೊಳ್ಳಲಿಲ್ಲ.

"ದಿನಾ ನನ್ನ ಮುಖ ನೋಡೋವಾಗ ಇದೆಲ್ಲ ನೆನಪಾಗಲ್ವಾ ನಿನಗೆ?" ಅವನು ಕೇಳಿದ.

"ಆಗುತ್ತೆ."

"ಆಗ ಏನ್ ಮಾಡ್ತೀಯಾ?"

"ಇವತ್ತು ನೆನಪಾಯ್ತು ಅಂತ ನಿನಗೇ ಹೇಳ್ತೀನಿ. ಇನ್ಯಾರಿಗೆ ಹೇಳ್ಲಿ?" ಅಳುವಿನ ನಡುವೆಯೇ ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. "ನಿನಗೂ ನೆನಪಾಗುತ್ತೆ. ಆಗ ನೀನೂ ಬಾಯಿ ಮುಚ್ಕೊಂಡು ನಿಂತ್ಕೋಬೇಡ. ಹೇಳು."

"ಹೇಳ್ತೀನಿ."

"ಚಿಕ್ಕಮ್ಮನ್ನ ಕಳಿಸು. ಸಿಹಿ ಬೇಡ. ಬರೀ ಮಾತಾಡೋಕೆ ಬರಲಿ, ಅಮ್ಮನ ಜೊತೆ ಸ್ವಲ್ಪ ಹೊತ್ತು ಕೂತ್ಕೊಳ್ಳಲಿ."

"ನಾಳೆ ಕಳಿಸ್ಲಾ?"

"ನಾಳೆ ಕಳಿಸು," ಎಂದಳು ರಬಾಬ್.