ಹೂಲಿಯ ಕೌದಿ ಅಂಗಡಿಯ ಮುಚ್ಚಿದ ಬಾಗಿಲು

ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ಹೂಲಿಯ ಎರೆಹೊಲಗಳಲ್ಲಿ ಬಿಳಿಜೋಳದ ರಾಶಿ ಭರದಿಂದ ನಡೆದಿತ್ತು. ರಾಶಿ ಮಷಿನ್ನಿನ ಹೊಟ್ಟು ಗಾಳಿಗೆ ತೂರಿ ಬಂದು, ಊರೊಳಗೆ ಒಲೆಯ ಮೇಲೆ ಬೇಯುತ್ತಿದ್ದ ರೊಟ್ಟಿಯ ಮೇಲೂ ಕೂರುತ್ತಿತ್ತು.

ಮಂಗಳವಾರ ಮಧ್ಯಾಹ್ನ ಮುತ್ತಪ್ಪ ತನ್ನ ಟಂಟಂ ಗಾಡಿಯನ್ನು ಪದ್ಮವ್ವನ ಕಟ್ಟೆಯ ಮುಂದೆ ನಿಲ್ಲಿಸಿದಾಗ ಆಕೆ ಶೇಂಗಾ ಸುಲಿಯುತ್ತಿದ್ದಳು. ಸವದತ್ತಿಯ ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಪತ್ರಗಳಿಗೆ ಠಸ್ಸೆ ಒತ್ತಿ ನಿವೃತ್ತಳಾದವಳು. ಕಳೆದುಹೋದ ಎಮ್ಮೆಯಿಂದ ಹಿಡಿದು ಮುರಿದುಬಿದ್ದ ಸಂಬಂಧದವರೆಗೆ ಊರಲ್ಲಿ ಏನು ತಪ್ಪಿದರೂ ಜನ ಅವಳ ಕಟ್ಟೆಗೇ ಬರುತ್ತಿದ್ದರು. ಅಂಥ ಹೊತ್ತಿನಲ್ಲೆಲ್ಲ ಅವಳನ್ನು ಗಾಡಿಯಲ್ಲಿ ಹೊತ್ತು ತಿರುಗುವವನು ಮುತ್ತಪ್ಪ. ಅವಳ ಬುದ್ಧಿಯಲ್ಲಿ ನಾಲ್ಕಾಣೆ ತನ್ನದೂ ಪಾಲಿದೆಯೆಂದು ಅವನು ಒಳಗೊಳಗೇ ನಂಬಿದ್ದ.

"ನೋಡ್ರಿ ಪದ್ಮಕ್ಕಾರ, ನಿನ್ನೆ ಒಯ್ದ ಕೌದಿ ಸಂಘದ ಎರಡು ಪಾರ್ಸಲ್ ಕೊರಿಯರ್‌ನವ ತಿರುಗಿ ಕೊಟ್ಟ. ಚೀಟಿ ಸರಿ ಇಲ್ಲಂತ. ವಿಳಾಸ ನಾನ ಓದೇನಿ, ಬೆಳಗಾವಿ, ಖಡೇಬಜಾರ, ಎಲ್ಲಾ ಬರೋಬ್ಬರಿ ಐತಿ," ಎಂದು ಮುತ್ತಪ್ಪ ಒಂದು ಗಂಟನ್ನು ಅವಳ ಮುಂದಿಟ್ಟ.

ಪದ್ಮವ್ವ ಕನ್ನಡಕ ಏರಿಸಿ ಚೀಟಿ ನೋಡಿದಳು. ಹುಬ್ಬು ಮೇಲೇರಿತು. ಏನೋ ಹೇಳಬೇಕೆನ್ನುವಷ್ಟರಲ್ಲಿ ಶೀತಲ್ ಅಳುತ್ತಾ ಓಡಿಬಂದಳು.

ಶೀತಲ್ ಊರಿನ ಕೌದಿ ಸಂಘದ ಲೆಕ್ಕದ ಹುಡುಗಿ. ಇಪ್ಪತ್ತೆರಡು ಹೆಂಗಸರು ಹಳೇ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಗಳನ್ನು ಅವಳು ಒಂದು ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತಿದ್ದಳು. "ಆಯಿ, ಅಂಗಡಿ ಬಾಗಿಲಾ ತೆರಿವಲ್ದು. ನಿನ್ನೆಯಿಂದ 'ಈ ತಾಣ ಸುರಕ್ಷಿತ ಅಲ್ಲ' ಅಂತ ಕೆಂಪಗ ಬರಾಕತ್ತೈತಿ. ಅರವತ್ತು ಕೌದಿ ಆರ್ಡರ್ ಐತಿ, ಸಂಜಿ ಆರರೊಳಗ ಒಪ್ಪಿಗಿ ಕೊಡದಿದ್ರ ಬ್ಯಾರೇದವ್ರಿಗೆ ಹೋಗತೈತಿ. ತಂಗೆವ್ವ ಕಾಕು ಹತ್ತು ಮಂದಿ ಮುಂದ ನನ್ನ ಕಳ್ಳಿ ಅಂದ್ರು!"

"ಯಾಕಂತ?"

"ಕಂಬಳಿ ವ್ಯಾಪಾರಿ ಮಹಾಂತಪ್ಪನ ಕಡೆ ರೊಕ್ಕಾ ತಿಂದು ನಾನ ಕೆಡಿಸೇನಂತ. ಆ ಮನಷ್ಯಾ ಶನಿವಾರ ಬಂದು ನನ್ನ ಅಂಗಡಿಗೆ ಬಾ ಅಂದಿದ್ದ ಖರೆ. ನಾ ಒಲ್ಲೆ ಅಂದಿದ್ನಿ."

"ಶನಿವಾರ ಬಾಗಿಲಾ ತೆರೀತಿತ್ತು?"

"ಚಂದಂಗ ತೆರೀತಿತ್ತು. ಹಳೇ ಬ್ರೌಸರ್ ಇದ್ರ ಈ ತಿಂಗಳಿಂದ ಒಳಗ ಬಿಡೂದಿಲ್ಲಂತ ಅಂಗಡಿಯವ್ರು ಮೊದಲ ತಿಳಿಸಿದ್ರು. ಹಿಂದಿನ ವಾರನ ಹೊಸಾದು ಹಾಕೇನಿ. ನಿನ್ನೆ ತಿರುಗಿ ಅದನ್ನ ತಗದು ಇನ್ನೊಮ್ಮೆ ಹಾಕಿದೆ. ಆದ್ರೂ ಅದ ಕೆಂಪು."

"ಮೊಬೈಲ್‌ನ್ಯಾಗ?"

"ಕೊಳ್ಳವ್ರ ಪುಟ ತೆರೀತೈತಿ ಆಯಿ. ಮಾರವ್ರ ಪುಟ ಮಾತ್ರ ನಮ್ಮ ಹೆಸರಿಗೆ ನೋಂದಾಯಿಸಿದ ಆ ಒಂದ ಕಂಪ್ಯೂಟರಿನ್ಯಾಗ."

ಪದ್ಮವ್ವ ಶೇಂಗಾದ ಬುಟ್ಟಿ ಬದಿಗಿಟ್ಟು ಎದ್ದಳು. "ಗಾಡಿ ತಿರಗಸ ಮುತ್ತಪ್ಪ."

ಸಂಘದ ಕೋಣೆ ಅಧ್ಯಕ್ಷೆ ತಂಗೆವ್ವನ ಮನೆಯ ಪಡಸಾಲೆಗೆ ಹೊಂದಿಕೊಂಡಿತ್ತು. ಬಾಗಿಲ ಕೀಲಿ ಒಂದೇ, ಅದು ತಂಗೆವ್ವನ ಅಡುಗೆಮನೆಯ ಗೋಡೆಯ ಮಾಡದಲ್ಲಿರುತ್ತಿತ್ತು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗೆ ಮೇಜಿನ ಮೇಲಿನ ಹಳೇ ಕಂಪ್ಯೂಟರಿನ ಪರದೆಯ ಕೆಳಮೂಲೆಗೆ, ದೃಷ್ಟಿಯಾಗಬಾರದೆಂದು ತಂಗೆವ್ವ ದೇವಿಯ ಪುಟ್ಟ ಚಿತ್ರವೊಂದನ್ನು ಅಂಟಿಸಿದ್ದಳು. ಪದ್ಮವ್ವ ಅದಕ್ಕೆ ಕೈ ಮುಗಿದು, ಬಗ್ಗಿ ಕೀಲಿಮಣೆಯನ್ನು ನೋಡತೊಡಗಿದಳು. ಮುತ್ತಪ್ಪನೂ ಬಗ್ಗಿದ. ಅಂಕಿಗಳ ಮೇಲಷ್ಟೇ ಬೂದಿಯಂಥ ಬಿಳಿ ಗುರುತುಗಳಿದ್ದವು.

"ಹೊಟ್ಟಿನ ಧೂಳ ಇರಬೇಕರಿ," ಎಂದ ಮುತ್ತಪ್ಪ.

"ಧೂಳಿಗೆ ಅಂಕಿ ಬರ್ತಾವೇನೋ ಮಾರಾಯಾ?" ಎಂದು ನಕ್ಕು ಪದ್ಮವ್ವ ಕೇಳಿದಳು: "ಆದಿತ್ಯವಾರ ನೀ ಎಲ್ಲಿದ್ದಿ?"

"ಇದ ಮನಿ ಭರಮಪ್ಪ ಕಾಕಾನ ಕಣದಾಗ. ರಾಶಿಗೆ ಆಳು ಹೇರಿಕೊಂಡು ಹೋಗಿದ್ನಿ. ಮಷಿನ್ ತಯಾರಿದ್ರೂ ಕಾಕಾ ಚಾಲೂ ಮಾಡಾಕ ಬಿಡಲಿಲ್ಲ. ಬಸ್ಸಿಗೆ ಕಾಯ್ದಂಗ ಗಡಿಯಾರ ನೋಡ್ಕೋತ ನಿಂತಿದ್ರು. ಕೈ ಎತ್ತಿ 'ಹೂಂ' ಅಂದಾಗ ನಾ ಮೊಬೈಲ್ ನೋಡಿದ್ನಿ. ಹನ್ನೊಂದು ಹದಿನೇಳು. ಯಾಕಂತ ಕೇಳಿದ್ರ ಗುಮ್ಮನ ಗುಸಕ."

"ಎಲ್ಲಾರನ್ನೂ ಕರಿ. ಮಹಾಂತಪ್ಪನ್ನೂ ಕರಿ," ಎಂದಳು ಪದ್ಮವ್ವ.

ನಾಲ್ಕೂವರೆಗೆ ಪಡಸಾಲೆ ತುಂಬಿತು. ಸಂಘದ ಹೆಂಗಸರು ಸೂಜಿ ದಾರ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಸವದತ್ತಿಯಿಂದ ಮಹಾಂತಪ್ಪ ಮುಖ ಗಂಟುಹಾಕಿಕೊಂಡು ಬಂದ. ತಂಗೆವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳ ಗಂಡ ಭರಮಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು ಕಂಬಕ್ಕೆ ಒರಗಿ, ಕಣದಲ್ಲಿ ಬಿಟ್ಟುಬಂದ ಕಾಳಿನ ಚಿಂತೆಯಲ್ಲಿದ್ದ.

"ಮಹಾಂತಪ್ಪ ಕೆಡಿಸಬೇಕಂದ್ರ ಕ್ವಾಣಿ ಒಳಗ ಬರಬೇಕು," ಎಂದು ಪದ್ಮವ್ವ ಶುರುಮಾಡಿದಳು. "ಬೀಗ ಒಡದಿಲ್ಲ, ಕೀಲಿ ತಂಗೆವ್ವನ ಮಾಡದಾಗ. ಅಂವ ಅಲ್ಲ."

"ಅಷ್ಟ ಹೇಳಾಕ ನನ್ನ ವ್ಯಾಪಾರ ಬಿಡಿಸಿ ಕರಿಸಿದ್ರಿ?" ಎಂದ ಮಹಾಂತಪ್ಪ.

"ಚಹಾ ಐತಿ, ಕುಂದ್ರಪಾ. ಇನ್ನ ಶೀತಲ್. ಈಕಿ ಹತ್ತೂ ಬೆರಳಿಂದ ಬಡೀತಾಳ. ಈಕಿ ಗುರ್ತಾದ್ರ ಕೀಲಿಮಣಿ ತುಂಬ ಇರಬೇಕು. ಅಲ್ಲಿ ಅಂಕಿ ಮ್ಯಾಲಷ್ಟ ಗುರ್ತು ಅದಾವು, ಒಂದ ಬೆರಳಿನವು. ವಿಭೂತಿ ಹಚ್ಚಿದ ಬೆರಳು."

ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿದವು. ಭರಮಪ್ಪ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಅಂಕಿ ಯಾಕ ಬೇಕಾದವು? ಅದನ್ನ ಈ ಚೀಟಿ ಹೇಳತೈತಿ." ಪದ್ಮವ್ವ ಪಾರ್ಸಲ್ಲಿನ ಚೀಟಿ ಎತ್ತಿ ತೋರಿಸಿದಳು. "ಚೀಟಿ ಅಚ್ಚು ಹಾಕಾಕ ಅಂಗಡಿ ಪುಟ ತೆರೀಬೇಕಂತಿಲ್ಲ; ನಿನ್ನೆ ಮುಂಜಾನೆ ಈ ಕಂಪ್ಯೂಟರ್ ತಾನ ತಾರೀಖು ಹಾಕಿ ಕೊಟ್ಟಿದ್ದು. ಮುತ್ತಪ್ಪ ವಿಳಾಸ ಓದಿದ. ನಾ ಮೂವತ್ತೆರಡು ವರ್ಷ ದಿನಾ ಠಸ್ಸೆದಾಗಿನ ತಾರೀಖು ಬದಲಿ ಮಾಡಿದಾಕಿ, ನನಗ ತಾರೀಖ ಮೊದಲ ಕಾಣತೈತಿ. ಇಸವಿ ನೋಡ್ರಿ, ಎರಡು ಸಾವಿರದ ಹದಿನಾಲ್ಕು!"

ಶೀತಲ್ ಹಣೆ ಬಡಿದುಕೊಂಡಳು. "ಅಯ್ಯ, ನಾ ಬ್ರೌಸರ್ ಹಿಂದ ಬಿದ್ದು ಸತ್ನಿ! ಪ್ರತಿ ತಾಣಕ್ಕೂ ಭದ್ರತಾ ಪತ್ರ ಅಂತ ಇರ್ತೈತಿ, ಇಂಥ ದಿನದಿಂದ ಇಂಥ ದಿನದ ತನಕ ನಡೀತೈತಿ ಅಂತ. ಇಸವಿ ಹದಿನಾಲ್ಕಂತ ತಿಳಕೊಂಡ ಕಂಪ್ಯೂಟರಿಗೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಹಂಗಾದ್ರ ಸುರಕ್ಷಿತ ಅಲ್ಲ ಅಂತನ ಹೇಳತೈತಿ."

"ಮತ್ತ ನಿನಗ ತಾರೀಖು ಕಾಣಲಿಲ್ಲೇನ?" ಎಂದು ತಂಗೆವ್ವ ಗದರಿದಳು.

"ಎಲ್ಲಿ ಕಾಣಬೇಕು ಕಾಕು? ಅದರ ಮ್ಯಾಲ ನಿಮ್ಮ ದೇವಿ ಕುಂತಾಳ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

"ಇನ್ನ ಆದಿತ್ಯವಾರ ಭರಮಪ್ಪ ಕಾಯ್ದು ಮಷಿನ್ ಚಾಲೂ ಮಾಡಿಸಿದ ಹನ್ನೊಂದು ಹದಿನೇಳರ ಕತಿ," ಎಂದಳು ಪದ್ಮವ್ವ. "ಗ್ವಾಡಿ ಪಂಚಾಂಗ ನೋಡಿದವ ಹನ್ನೊಂದರ ಸುಮಾರಿಗೆ ಅಂತಾನ. ನಿಮಿಷದ ಲೆಕ್ಕಾ ಕೊಡೂದು ಕಂಪ್ಯೂಟರಿನ ಪಂಚಾಂಗ. ಭರಮಪ್ಪಾ, ಹಿಂದಕ ಜಾತ್ರ್ಯಾಗ ಒಂದು ಪಂಚಾಂಗದ ಸಿಡಿ ತಂದಿದ್ಯಲ್ಲ, ಅದರ ಮುದ್ದತು ಯಾವಾಗ ಮುಗೀತು?"

ಭರಮಪ್ಪ ನೆಲ ನೋಡಿದ. "ಹದಿನೈದನೇ ಇಸವಿಗೆ. ಕಂಪ್ಯೂಟರಿನ ತಾರೀಖು ಹಿಂದ ಸರಿಸಿದ್ರ ತೆರೀತೈತಿ, ಆಮ್ಯಾಲ ಬೇಕಾದ ಇಸವಿದ್ದು ತೋರಸತೈತಂತ ಮಾರಿದವನ ಹೇಳಿಕೊಟ್ಟಿದ್ದ. ನೋಡೂದು ಮುಗದಮ್ಯಾಲ ದರ ಸಲ ಸರಿ ಮಾಡಿಡ್ತೇನಿ. ಆದಿತ್ಯವಾರ ಮಷಿನ್ ಬಂತು ಅಂತ ಕೂಗಿದ್ರು, ಹಂಗ ಎದ್ದು ಓಡಿದೆ. ಅದರಿಂದ ಅಂಗಡಿ ಮುಚ್ಚತೈತಂತ ನನಗೇನ ಗೊತ್ತವಾ?"

"ಬಾಯಿ ಬಿಟ್ಟಿದ್ರ ನಿನ್ನೆನ ಮುಗೀತಿತ್ತಲ್ಲೊ!" ಎಂದಳು ಪದ್ಮವ್ವ.

"ರಾಶಿ ಗಳಿಗಿ ಹೊರಗ ಹೇಳಿದ್ರ ಹುಲುಸು ಹೋಗತೈತಿ ಅಕ್ಕಾ. ಕಾಳು ಮನಿಗೆ ಬರೂತನಕ ಹೆಂಡ್ತಿಗೂ ಹೇಳಬಾರದು. ನಮ್ಮಪ್ಪನ ಕಾಲದಿಂದ ಹಂಗ."

"ಅಂದ್ರ ನಿಮ್ಮ ಹುಲುಸು ಉಳಿಸಾಕ ಈ ಕೂಸು ಕಳ್ಳಿ ಆಗಬೇಕಿತ್ತು?" ಎಂದ ತಂಗೆವ್ವನ ದನಿ ನಡುವೆಯೇ ಕುಸಿಯಿತು. ಕಳ್ಳಿ ಅಂದವಳು ತಾನೇ ಎಂಬುದು ಅವಳಿಗೆ ಆಗ ಹೊಳೆದಿತ್ತು.

ಶೀತಲ್ ಅಷ್ಟರಲ್ಲಿ ಕೋಣೆಗೆ ಓಡಿದ್ದಳು. ದೇವಿಯ ಚಿತ್ರವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಪರದೆಯ ಮೇಲುಗಡೆ ಅಂಟಿಸಿದಳು; ತಾರೀಖು ತಿದ್ದಿದಳು. ಕೆಂಪು ಹೋಗಿ ಅಂಗಡಿಯ ಪುಟ ಅರಳಿತು. ಐದೂ ಹತ್ತಕ್ಕೆ ಅರವತ್ತು ಕೌದಿಗಳ ಒಪ್ಪಿಗೆ ಹೋಯಿತು. ಪಡಸಾಲೆಯಲ್ಲಿ ಎದ್ದ ಕೂಗಿಗೆ ಹಿತ್ತಲಿನ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಮಹಾಂತಪ್ಪ ಕೂಡ ಚಹಾ ಕುಡಿಯುತ್ತಾ, "ಎರಡು ಕೌದಿ ನನ್ನ ಅಂಗಡಿಗೂ ಇಡ್ರಿ," ಎಂದ.

ಮುತ್ತಪ್ಪ ಗಾಡಿಯ ಕಡೆ ಹೆಜ್ಜೆ ಹಾಕಿದವನು ಪದ್ಮವ್ವ ಏಳದ್ದನ್ನು ಕಂಡು ನಿಂತ. "ತಡೀ," ಎಂದಳು ಆಕೆ. "ಒಂದು ಸಾಲ ತೀರೂದೈತಿ."

ತಂಗೆವ್ವ ಸೆರಗನ್ನು ಎರಡು ಸಲ ಸರಿಮಾಡಿಕೊಂಡಳು. ಊರಲ್ಲಿ ಅವಳು ಯಾರ ಮುಂದೆಯೂ ತಗ್ಗಿ ಮಾತಾಡಿದ್ದನ್ನು ಮುತ್ತಪ್ಪ ಕಂಡಿರಲಿಲ್ಲ. "ಶೀತಲ್, ಹತ್ತು ಮಂದಿ ಮುಂದ ಅಂದ ಮಾತು ಇಪ್ಪತ್ತು ಮಂದಿ ಮುಂದ ತಿರುಗಿ ತಗೋತೇನಿ. ನೀ ಕಳ್ಳಿ ಅಲ್ಲ. ತಪ್ಪು ನಂದು."

ಶೀತಲ್ ಕಣ್ಣೊರೆಸಿಕೊಂಡು ಬಾಗಿಲ ಕಡೆಗೊಮ್ಮೆ ನೋಡಿದಳು.

"ಇನ್ನೊಮ್ಮೆ ಅನ್ರಿ ಕಾಕು. ಹಿಂದ ನಿಂತವ್ರಿಗೆ ಕೇಳಲಿಲ್ಲ."

ತಂಗೆವ್ವ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ, ಓಣಿಯ ಆ ಕೊನೆಗೂ ಮುಟ್ಟುವ ಹಾಗೆ, ಇನ್ನೊಮ್ಮೆ ಅಂದಳು.