ಎಂಟು ಗಂಟೆಯ ಹನ್ನೆರಡನೆಯವರು

ಎಂಟು ಗಂಟೆಯ ಆರಾಧನೆಗೆ ಒಬ್ಬ ಮನುಷ್ಯ ಕಡಿಮೆಯಿದ್ದ.

ಆ ಚರ್ಚಿನಲ್ಲಿ ಭಾನುವಾರ ಮೂರು ಆರಾಧನೆ. ಬೆಳಿಗ್ಗೆ ಎಂಟಕ್ಕೆ ಆರ್ಗನ್ನು, ಹಳೆಯ ಕೀರ್ತನೆಗಳು. ಹತ್ತೂವರೆಗೆ ಗಿಟಾರು, ಡ್ರಮ್ಮು, ಚಪ್ಪಾಳೆ. ಸಂಜೆ ಐದಕ್ಕೆ ಬರೀ ಮೌನ. ಬಂದವರು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು.

"ಯಾರಿಗೆ ಯಾವುದು ಒಗ್ಗುತ್ತೋ ಅದಕ್ಕೆ ಬನ್ನಿ. ಬಾಗಿಲು ತೆಗೆದೇ ಇರುತ್ತೆ" ಎನ್ನುತ್ತಿದ್ದರು ಪಾಸ್ಟರು. ಆದರೆ ಕಮಿಟಿಯ ನಿಯಮ ಬೇರೆ. ಮೂರು ತಿಂಗಳ ಹದಿಮೂರು ಭಾನುವಾರಗಳಲ್ಲಿ ಒಮ್ಮೆಯಾದರೂ ಹನ್ನೆರಡು ಜನ ಸೇರದಿದ್ದರೆ ಆ ಆರಾಧನೆ ನಿಲ್ಲುತ್ತದೆ.

ಮೊದಲ ಭಾನುವಾರವೇ ಆರ್ಗನ್ ನುಡಿಸುವವಳು ಬಾಗಿಲಲ್ಲಿ ನಿಂತಿದ್ದವನ ಕೈಯಿಂದ ಎಣಿಕೆಯ ಪುಸ್ತಕ ಕಿತ್ತುಕೊಂಡಳು.

"ಹನ್ನೊಂದಾ? ಸರಿಯಾಗಿ ನೋಡ್ರೀ! ನಾನೇನು ಮನುಷ್ಯಳಲ್ವಾ?"

"ಸೇವೆ ಮಾಡೋರನ್ನ ಎಣಿಸೋ ಹಾಗಿಲ್ಲ. ಪಾಸ್ಟರನ್ನೂ ಇಲ್ಲ, ನಿಮ್ಮನ್ನೂ ಇಲ್ಲ, ಎಣಿಸೋ ನನ್ನನ್ನೂ ಇಲ್ಲ."

"ಹತ್ತೂವರೆಯವರಿಗೆ ಪ್ರಾಕ್ಟೀಸಿಗೆ ಜಾಗ ಬೇಕು. ಅದಕ್ಕೇ ನಿಮ್ಮನ್ನ ಕಳಿಸಿದ್ದಾರೆ, ಅಲ್ವಾ ಡ್ರಮ್ಮಣ್ಣ?"

ಅವನು ವಾರವೆಲ್ಲ ಬಾಗಿಲು ಕಿಟಕಿ ಮಾಡುವ ಬಡಗಿ, ಭಾನುವಾರ ಹತ್ತೂವರೆಗೆ ಡ್ರಮ್ಮು ಬಾರಿಸುವವನು. ಊರಿಗೆಲ್ಲ ಅವನು ಡ್ರಮ್ಮಣ್ಣ. ಏನೋ ಹೇಳಲು ಬಾಯಿ ತೆರೆದ. ಅವಳು ಪುಸ್ತಕವನ್ನು ಅವನ ಎದೆಗೆ ಒತ್ತಿ ಹೊರಟೇಹೋದಳು.

ಅವಳ ಸಿಟ್ಟಿಗೆ ಕಾರಣ ಅಪ್ಪ. ಬಂಡೆ ಸಿಡಿಸುವ ಕಲ್ಲುಕ್ವಾರಿಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ. ಒಮ್ಮೆ ಹತ್ತೂವರೆಯ ಆರಾಧನೆಗೆ ಕರೆದುಕೊಂಡು ಹೋಗಿದ್ದಳು. ಡ್ರಮ್ಮಿನ ಮೊದಲ ಏಟಿಗೇ "ಬಂಡೆ ಸಿಡೀತು, ಓಡ್ರೋ!" ಎಂದು ಬೆಂಚಿನ ಕೆಳಗೆ ನುಸುಳಿ ಕಿವಿ ಮುಚ್ಚಿಕೊಂಡಿದ್ದರು. ಇನ್ನು ಸಂಜೆಯ ಮೌನದಲ್ಲಿ ಅವರ ಗೊರಕೆಯೇ ಕೀರ್ತನೆಯಾಗುತ್ತಿತ್ತು. ಆರ್ಗನ್ ಕೇಳುವಾಗ ಮಾತ್ರ ಅವರ ಕೈ ನಡುಗುತ್ತಿರಲಿಲ್ಲ. ಎಂಟು ಗಂಟೆಯದು ನಿಂತರೆ ಅಪ್ಪ ಮನೆಯಲ್ಲೇ ಉಳಿಯಬೇಕು, ಅಷ್ಟೇ.

ಆಮೇಲೆ ಅವಳು ಅವನೊಂದಿಗೆ ಮಾತಾಡಲಿಲ್ಲ. ಆದರೆ ನೋಡುತ್ತಿದ್ದಳು. ಆರ್ಗನ್ ನುಡಿಸುವಾಗ ಸಭೆಗೆ ಬೆನ್ನು ತಿರುಗಿರುತ್ತದೆ; ಪಾಸ್ಟರರ ಸನ್ನೆ ಕಾಣಲೆಂದು ಮುಂದೆ ಅಂಗೈ ಅಗಲದ ಕನ್ನಡಿ ಸಿಕ್ಕಿಸಿದ್ದರು. ಆ ಕನ್ನಡಿಯ ಮೂಲೆಯಲ್ಲಿ, ಬಾಗಿಲ ಬಳಿ, ಅವನ ತುಟಿ ಅಲುಗುತ್ತಲೇ ಇರುತ್ತಿತ್ತು.

'ಎಣಿಸು, ಎಣಿಸು... ಇದ್ದವರನ್ನೂ ಎಣಿಸಿ ಮುಗಿಸಿಬಿಡು!'

ಒಂದು ದಿನ ಅವಳ ಹೊಲಿಗೆ ಅಂಗಡಿಯ ಬಾಗಿಲಿನ ಕೀಲು ಕಳಚಿತು. ಮರುದಿನ ಬೆಳಿಗ್ಗೆ ನೋಡಿದರೆ ಹೊಸ ಕೀಲು! ಹಾಕಿದ್ದು ಡ್ರಮ್ಮಣ್ಣ ಎಂದು ಪಕ್ಕದ ಅಂಗಡಿಯವರು ಹೇಳಿದಾಗ ಅವಳಿಗೆ ಮತ್ತಷ್ಟು ಉರಿಯಿತು.

'ಪಾಪಪ್ರಜ್ಞೆ ಇರಬೇಕು. ಇರಲಿ!'

ಹದಿಮೂರನೆಯ ಭಾನುವಾರ ಬಂತು. ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದವರು ಪಾಸ್ಟರರ ಹೆಂಡತಿ, ಪಾಸ್ಟರಮ್ಮ. ಅವಳು ಕನ್ನಡಿ ನೋಡಿದಳು. ಅವನು ಮೂರನೇ ಬೆಂಚಿನಲ್ಲಿ, ಅಪ್ಪನ ಪಕ್ಕದಲ್ಲಿ!

"ಏನಮ್ಮಾ ಇದು?" ಅವಳು ಓಡಿಬಂದು ಪಿಸುಗುಟ್ಟಿದಳು.

"ನಿನಗೆ ಗೊತ್ತಿಲ್ವೇನೇ? ಒಬ್ಬರ ಹೆಸರು ಒಂದೇ ಆರಾಧನೆಯಲ್ಲಿ ಇರಬೇಕು. ಹತ್ತೂವರೆಯಿಂದ ಹೆಸರು ತೆಗೆಸಿ ಇಲ್ಲಿ ಬರೆಸಿದ್ದಾನೆ. ಎರಡು ತಿಂಗಳಿಂದ ಆಸ್ಪತ್ರೆ ಕಾಂಪೌಂಡರಿಗೆ ಡ್ರಮ್ಮು ಕಲಿಸಿ, ನಿನ್ನೆ ಕೋಲು ಒಪ್ಪಿಸಿದ. ಆ ಕಾಂಪೌಂಡರ್ ಬಾರಿಸೋದು ಕೇಳಿದರೆ ರೋಗಿಗಳೇ ಎದ್ದು ಓಡಬೇಕು!" ಪಾಸ್ಟರಮ್ಮನ ನಗು ಅಲ್ಲಿಗೇ ನಿಂತಿತು. "ಆದರೆ ಪ್ರತಿ ವಾರ ಬರೋ ನಮ್ಮ ಸೂಲಗಿತ್ತಿ ಅಜ್ಜಿ ಕಾಲು ಉಳುಕಿಸಿಕೊಂಡು ಮಲಗಿದ್ದಾರೆ. ಅವನನ್ನ ಸೇರಿಸಿದರೂ ಹನ್ನೊಂದೇ ಕಣೇ..."

ಅವಳು ಆರ್ಗನ್ನಿನ ಬಳಿಗೆ ಹಿಂತಿರುಗಿದಳು. ಕೈ ಅದರ ಕೀಲಿಗಳ ಮೇಲಿತ್ತು. ಅವನು ತನಗೆ ಇಷ್ಟವಾದದ್ದನ್ನು ಬಿಟ್ಟು ಬಂದು ಕೂತಿದ್ದಾನೆ. ತಾನೋ... ಮೂರು ತಿಂಗಳು ಶಪಿಸಿದ್ದೇ ಬಂತು!

ಆರ್ಗನ್ನಿನ ಮುಚ್ಚಳ ಮುಚ್ಚಿದಳು. ಎದ್ದು ಹೋಗಿ ಅಪ್ಪನ ಇನ್ನೊಂದು ಪಕ್ಕದಲ್ಲಿ ಕುಳಿತಳು.

"ಇವತ್ತು ನನ್ನ ಸೇವೆ ಇಲ್ಲ. ನನ್ನನ್ನ ಎಣಿಸಿ."

ಪಾಸ್ಟರಮ್ಮ ಕಣ್ಣೊರೆಸಿಕೊಂಡು 'ಹನ್ನೆರಡು' ಎಂದು ಬರೆದರು.

ಆರ್ಗನ್ನಿಲ್ಲದೆ ಕೀರ್ತನೆ ಶುರುವಾಯಿತು. ಒಬ್ಬರು ಮುಂದೆ, ಒಬ್ಬರು ಹಿಂದೆ. ಎರಡನೇ ಚರಣಕ್ಕೆ ರಾಗ ದಾರಿ ತಪ್ಪಿತು. ಆಗ ಅವನು ಮುಂದಿನ ಬೆಂಚಿನ ಮರದ ಮೇಲೆ ಎರಡು ಬೆರಳಿನಿಂದ ಮೆಲ್ಲಗೆ ತಾಳ ಹಾಕಿದ.

ಟಕ್... ಟಕ್...

ಅವಳು ಥಟ್ಟನೆ ಪಕ್ಕಕ್ಕೆ ತಿರುಗಿದಳು. ಅಪ್ಪ!

ಅಪ್ಪ ಬೆಂಚಿನ ಕೆಳಗೆ ನುಸುಳಲಿಲ್ಲ. ಆ ಬೆರಳುಗಳನ್ನೇ ನೋಡಿದರು. ನಡುಗುವ ತಮ್ಮ ಕೈಯನ್ನು ಅವನ ಕೈಯ ಮೇಲಿಟ್ಟರು. ಎರಡೂ ಕೈ ಒಟ್ಟಿಗೆ ಏಳುತ್ತ ಬೀಳುತ್ತ ಕೀರ್ತನೆಯನ್ನು ಕೊನೆ ಮುಟ್ಟಿಸಿದವು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವಳೇ ಮೊದಲು ಬಾಯಿಬಿಟ್ಟಳು.

"ಇಡೀ ಗಂಟೆ ತುಟಿ ಆಡಿಸ್ತಿದ್ರಲ್ಲ... ಹನ್ನೊಂದು ಜನರನ್ನ ಎಣಿಸೋಕೆ ಅಷ್ಟು ಹೊತ್ತು ಬೇಕಾ?"

"ಎಣಿಸ್ತಾ ಇರಲಿಲ್ಲ. ನೀವು ನುಡಿಸ್ತಿದ್ರಿ, ನಾನು ಹಾಡ್ತಿದ್ದೆ."

"ಮತ್ತೆ ಆ ಪುಸ್ತಕ?"

"ನಾನೇ ಕೇಳಿ ತಗೊಂಡೆ. ಬಾಗಿಲಲ್ಲಿ ನಿಲ್ಲೋಕೆ ಒಂದು ನೆಪ ಬೇಕಿತ್ತು." ಅವನು ನೆಲ ನೋಡಿದ. "ನೀವಂದ್ರೆ ಇಷ್ಟ. ಅವತ್ತೇ ಹೇಳೋಣ ಅಂದ್ಕೊಂಡೆ, ಪುಸ್ತಕ ಎದೆಗೆ ಬಂತು."



"ಡ್ರಮ್ಮಿಲ್ಲದೆ ಬೇಜಾರಾಗಲ್ವಾ?"

"ಆಗುತ್ತೆ. ಸುಳ್ಳು ಯಾಕೆ ಹೇಳ್ಲಿ?"

"ಹತ್ತೂವರೆಗೆ ಒಳಗೆ ಹೋಗಿ ಕೇಳೋಣ, ಬನ್ನಿ. ಕಾಂಪೌಂಡರ್ ಬಾರಿಸೋದನ್ನ ನಾನೂ ಸಹಿಸ್ಕೋತೀನಿ. ಅಪ್ಪನ್ನ ಪಾಸ್ಟರಮ್ಮ ನೋಡ್ಕೋತಾರೆ... ಡ್ರಮ್ಮಣ್ಣ."

"ಊರೆಲ್ಲ ಅಣ್ಣ ಅನ್ಲಿ. ನೀವು ಮಾತ್ರ ಬೇಡ."

"ಮತ್ತೇನಂತ ಕರೀಲಿ?"

"ಯೋಚನೆ ಮಾಡಿ. ಅವಸರ ಇಲ್ಲ."

"ಇದೆ" ಎಂದಳು ಅವಳು.

ಅವರು ಕಳೆದುಕೊಂಡದ್ದು ಇಷ್ಟು: ಒಂದು ಜೊತೆ ಡ್ರಮ್ಮಿನ ಕೋಲು, ಒಂದು ದಿನದ ಆರ್ಗನ್ನು, ಮಾತಿಲ್ಲದೆ ಹೋದ ಹನ್ನೊಂದು ಭಾನುವಾರ.