ಲಾಯರಮ್ಮನ ಅಣ್ಣ

ಮೂರನೇ ಮಹಡಿಯ ತಾರಸಿ. ಮಧ್ಯಾಹ್ನ ಹನ್ನೆರಡರ ಬಿಸಿಲು. ಶರ್ಟಿನೊಳಗೆ, ಹೊಟ್ಟೆಗೆ ಒತ್ತಿಕೊಂಡು ಒಂದು ಹಳೇ ರಿಜಿಸ್ಟರು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಎರಡು ಜೊತೆ.

ತಾರಸಿಗೆ ಇರೋದು ಒಂದೇ ಬಾಗಿಲು. ಆ ಬಾಗಿಲಿಂದಲೇ ಅವರು ಬರ್ತಿದ್ದಾರೆ...

ಪಕ್ಕದ ಕಟ್ಟಡ ಏಳೆಂಟಡಿ ದೂರ. ನನಗೆ ನಲವತ್ತಾರು ವರ್ಷ. ಮೊಣಕಾಲು ನೋವು ಬೇರೆ. ಇಂಥ ಹೊತ್ತಲ್ಲಿ ನನ್ನ ತಲೆಗೆ ಯಾರು ಬಂದರು ಗೊತ್ತಾ? ದೇವರಲ್ಲ. ಹೆಂಡತಿ ಅಲ್ಲ.

ನನ್ನ ತಂಗಿ!

ಅವಳು ಈಗ ಫ್ಯಾನಿನ ಕೆಳಗೆ ಕೂತು ಪುಸ್ತಕ ಓದ್ತಿರ್ತಾಳೆ. ನಾಳೆ ಪೇಪರಲ್ಲಿ ಅವಳ ಫೋಟೋ ಬರುತ್ತೆ. ನಾನು ಕೆಳಗೆ ಬಿದ್ದು ಸತ್ತರೆ, 'ಪ್ರಸಿದ್ಧ ವಕೀಲೆಯ ಅಣ್ಣ ಸಾವು' ಅಂತ ಬರೀತಾರೆ. ನನ್ನ ಸಾವಲ್ಲೂ ಅವಳದೇ ಹೆಸರು.

ಆ ಸಿಟ್ಟಿಗೇ ಹಾರಿದೆ.

ಮೊಣಕೈ ತರಚಿತು. ಮೊಣಕಾಲು ಅಯ್ಯಪ್ಪಾ ಅಂತು. ರಿಜಿಸ್ಟರು ಮಾತ್ರ ಭದ್ರ. ಹಿಂದಿನಿಂದ ಬೈಗುಳ ಕೇಳಿಸ್ತು, ಹಾರೋ ಧೈರ್ಯ ಇಬ್ಬರಿಗೂ ಬರಲಿಲ್ಲ. ನಾನು ಮೆಟ್ಟಿಲಿಳಿದು ಓಡಿದೆ.

ತಡೀರಿ. ನಾನ್ಯಾರು, ಯಾಕೆ ಓಡ್ತಿದ್ದೆ ಅಂತ ಹೇಳಿಬಿಡ್ತೀನಿ.

ಹದಿನಾಲ್ಕು ವರ್ಷ ಪೊಲೀಸ್ ಯೂನಿಫಾರಂ ಹಾಕಿದವನು ನಾನು. ದೊಡ್ಡವರು ಮಾಡಿದ ಒಂದು ತಪ್ಪನ್ನ ನನ್ನ ತಲೆಗೆ ಕಟ್ಟಿ ಮನೆಗೆ ಕಳಿಸಿದರು. ಎರಡು ವರ್ಷ ಸುಮ್ಮನೆ ಕೂತೆ. ಆಮೇಲೆ ತಂಗಿ ಕರೆದಳು. ಅವಳು ಕ್ರಿಮಿನಲ್ ಲಾಯರ್. ಯಾರ ಪರ ಯಾರೂ ನಿಲ್ಲಲ್ವೋ ಅವರ ಪರ ನಿಲ್ಲೋಳು. ಸಾಕ್ಷಿ ಹುಡುಕೋಕೆ, ಬೀದಿ ಅಲೆಯೋಕೆ ಅವಳಿಗೆ ಒಬ್ಬ ಬೇಕಿತ್ತು. ನಾನು ಸಿಕ್ಕಿದೆ.

ಐದು ವರ್ಷ ಚಿಕ್ಕವಳು. ನಾನು ಸೈಕಲ್ ಕಲಿಸಿದ ಹುಡುಗಿ. ಈಗ ಊರಿಗೆಲ್ಲ ಅವಳು ಲಾಯರಮ್ಮ. ನಾನು ಲಾಯರಮ್ಮನ ಅಣ್ಣ. ಒದೆ ತಿನ್ನೋದು ನಾನು. ಕೈ ಮುಗಿಸಿಕೊಳ್ಳೋದು ಅವಳು.

ಹೊಟ್ಟೆಕಿಚ್ಚಾ ಅಂತೀರಾ? ಹೌದು. ಮುಚ್ಚಿಡೋದೇನಿದೆ.

ಈ ಸಲದ ಕೇಸು ಒಬ್ಬ ಬೀಗ ರಿಪೇರಿಯವನದು. ಒಂದು ಮಂಗಳವಾರ ಒಡವೆ ಅಂಗಡಿಗೆ ರಜೆ. ಯಾರೋ ಹಿಂದಿನ ಬಾಗಿಲಿನ ಬೀಗ ತೆಗೆದು ಒಳಗೆ ನುಗ್ಗಿದರು. ಅಡ್ಡ ಬಂದ ವಾಚ್‌ಮನ್‌ಗೆ ಕಬ್ಬಿಣದ ರಾಡಲ್ಲಿ ಹೊಡೆದು ಕೊಂದರು. ಮಧ್ಯಾಹ್ನ ಮೂರು ಗಂಟೆಗೆ ವಾಚ್‌ಮನ್ ತನ್ನ ಹೆಂಡತಿ ಜೊತೆ ಫೋನಲ್ಲಿ ಮಾತಾಡಿದ್ದ. ಮೂರೂವರೆಗೆ ಹೆಣ ಸಿಕ್ಕಿತು. ಬುಧವಾರ ಬೆಳಿಗ್ಗೆ ಬೀಗದವನನ್ನ ಹಿಡಿದೆವು, ತಪ್ಪು ಒಪ್ಪಿಕೊಂಡು ಸಹಿ ಹಾಕಿದ್ದಾನೆ ಅಂತ ಪೊಲೀಸರು ಹೇಳಿದರು.

ಬೀಗದವನು ಹೇಳಿದ್ದೇ ಬೇರೆ. ಮಂಗಳವಾರ ಬೆಳಿಗ್ಗೆಯೇ ಯಾವುದೋ ಹಳೇ ಕಳ್ಳತನ ಅಂತ ಎತ್ತಿಕೊಂಡು ಹೋದರಂತೆ. ಹೊಡೆದರಂತೆ. ಕಿವಿ ಹರಿಯಿತಂತೆ. ರಕ್ತ ನಿಲ್ಲದೆ, ಯಾವುದೋ ಗಲ್ಲಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಕರಕೊಂಡು ಹೋಗಿ ಹೊಲಿಗೆ ಹಾಕಿಸಿದರಂತೆ. ಸಂಜೆ ಹೊತ್ತಿಗೆ ಕೊಲೆಯ ಸುದ್ದಿ ಬಂತು. ಲಾಕಪ್ಪಿನಲ್ಲಿ ಬೀಗ ತೆಗೆಯೋಕೆ ಗೊತ್ತಿರೋ ಮನುಷ್ಯ ರೆಡಿ ಇದ್ದ. ಇನ್ನೇನು ಬೇಕು? ಸಹಿ ಹಾಕಿಸಿದರು.

ಇದನ್ನ ಯಾರು ನಂಬ್ತಾರೆ? ನನ್ನ ತಂಗಿ ನಂಬಿದಳು.

ನಾನು ಆ ಕ್ಲಿನಿಕ್ ಹುಡುಕಿದೆ. ಹನ್ನೊಂದು ದಿನ ಬೇಕಾಯ್ತು. ಸಿಕ್ಕಿದ್ದು ವಿಚಾರಣೆಯ ದಿನವೇ, ಮಧ್ಯಾಹ್ನ ಎರಡೂವರೆಗೆ ಕೇಸು ಕರೆಯೋದಿತ್ತು. ಅಲ್ಲಿ ವಯಸ್ಸಾದ ಒಬ್ಬ ನರ್ಸಮ್ಮ. ಪೊಲೀಸರು ಬಂದು ರಿಜಿಸ್ಟರು ಕೇಳಿದಾಗ ಕಳೆದುಹೋಗಿದೆ ಅಂದು, ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟಿದ್ದರು. ನನಗೂ ಕೊಡಲ್ಲ ಅಂದರು. ಲಾಯರಮ್ಮನ ಅಣ್ಣ ಅಂದ ಕೂಡಲೇ ಕೊಟ್ಟರು.

ನೋಡಿದಿರಾ? ಅಲ್ಲೂ ಅವಳೇ.

ಅದರಲ್ಲಿ ನೀಲಿ ಇಂಕಲ್ಲಿ ಬರೆದಿತ್ತು. ಬೀಗದವನ ಹೆಸರು. ಮಂಗಳವಾರ. ಮೂರು ಗಂಟೆ ಐದು ನಿಮಿಷ. ಎಡಗಿವಿ, ನಾಲ್ಕು ಹೊಲಿಗೆ. ಕರೆತಂದವರು, ಪೊಲೀಸ್. ಪಕ್ಕದಲ್ಲಿ ಒಬ್ಬ ಕಾನ್‌ಸ್ಟೇಬಲ್‌ನ ಸಹಿ.

ಓದಿ ಮುಗಿಸೋ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟು ಕೇಳಿಸ್ತು. ಮುಂದಿನದು ನಿಮಗೆ ಗೊತ್ತು.

ಕೆಳಗಿಳಿದು ಗಲ್ಲಿ ಗಲ್ಲಿ ಓಡಿದೆ. ಕೋರ್ಟಿನ ಹಿಂದಿನ ಬೀದಿಗೆ ಬರೋ ಹೊತ್ತಿಗೆ ಉಸಿರು ನಿಂತಿತ್ತು. ಅಲ್ಲೊಂದು ಇಸ್ತ್ರಿ ಅಂಗಡಿ. ಲಾಯರುಗಳ ಕರಿ ಕೋಟುಗಳಿಗೆಲ್ಲ ಅಲ್ಲೇ ಇಸ್ತ್ರಿ. ಅಂಗಡಿಯ ಅಕ್ಕ ದಿನಾ ಎರಡು ಗಂಟೆಗೆ ಕೋಟುಗಳ ಗಂಟು ಹೊತ್ತು ಕೋರ್ಟಿಗೆ ಹೋಗ್ತಾಳೆ. ಹಿಂಬಾಗಿಲಿಂದ ನುಗ್ಗಿ, ಮಡಿಚಿಟ್ಟ ಎರಡು ಕೋಟಿನ ನಡುವೆ ರಿಜಿಸ್ಟರು ತುರುಕಿದೆ. ಅಕ್ಕ ನೋಡಿದಳು. ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ನಿಂತು ಮತ್ತೆ ಓಡಿತು.

ಮುಂಬಾಗಿಲಿಂದ ಹೊರಗೆ ಬಂದೆ. ಎದುರಿಗೆ ಬಿಳೀ ಕಾರು. ಹಿಂದಿನ ಸೀಟಲ್ಲಿ ಇನ್ಸ್‌ಪೆಕ್ಟರ್.

ಬೀಗದವನ ಕೈಲಿ ಸಹಿ ಹಾಕಿಸಿದ ಮಹಾನುಭಾವ. ಟ್ರೇನಿಂಗಲ್ಲಿ ನನ್ನ ಜೊತೆಯವನು. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವನು ಮೇಲೆ ಹೋದ, ನಾನು ಮನೆಗೆ ಹೋದೆ.

ತಾರಸಿಗೆ ಬಂದಿದ್ದ ಅವನ ಇಬ್ಬರು ಆಳುಗಳು ನನ್ನನ್ನ ಕಾರಿಗೆ ದಬ್ಬಿ, ತಲೆಯಿಂದ ಕಾಲಿನವರೆಗೆ ತಡಕಿದರು. ಏನೂ ಸಿಗಲಿಲ್ಲ. ಅವನು ಕೋಪ ಮಾಡ್ಕೊಳ್ಳಲಿಲ್ಲ. ಮನೆಯವರೆಲ್ಲ ಹೇಗಿದ್ದಾರೆ ಅಂತ ವಿಚಾರಿಸಿದ. ಆಮೇಲೆ ನಿಧಾನವಾಗಿ ಶುರು ಮಾಡಿದ. ನನ್ನ ಫೈಲು ಅವನ ಟೇಬಲ್ ಮೇಲೇ ಇದೆಯಂತೆ. ಅವನೊಂದು ಮಾತು ಬರೆದರೆ ಯೂನಿಫಾರಂ ವಾಪಸ್ ಅಂತೆ. ಎರಡು ಗಂಟೆ ಹೊಡೆಯೋದರೊಳಗೆ ರಿಜಿಸ್ಟರು ತಂದುಕೊಡಬೇಕು, ಅಷ್ಟೇ.

ಇದಕ್ಕೆಲ್ಲ ನಾನು ಬಗ್ಗೋನಲ್ಲ. ಆದರೆ ಅವನು ಕೊನೆಗೊಂದು ಮಾತಾಡಿದ.

"ಅವಳು ಒಂದು ಕೇಸು ಸೋತರೆ ಆಕಾಶ ಬೀಳುತ್ತೇನಯ್ಯಾ? ಒಂದೇ ಒಂದು ಸಲ... ನಿನ್ನ ತಂಗಿ ಸೋಲೋದನ್ನ ನೋಡಬೇಕು ಅಂತ ನಿನಗೆ ಯಾವತ್ತೂ ಅನ್ನಿಸಿಲ್ವಾ?"

ಅನ್ನಿಸಿತ್ತು.

ಅದೇ ಕಷ್ಟ. ಅನ್ನಿಸಿತ್ತು.

ತಂಗಿಯ ಆಫೀಸಿಗೆ ಹೋದೆ. ಇಬ್ಬರು ಆಳುಗಳು ಹಿಂದೆಯೇ ಬಂದು ಬೀದಿಯಲ್ಲಿ ನಿಂತರು. ಒಂದೂಕಾಲು. ಅವಳು ಟೇಬಲ್ ಮೇಲೆ ಊಟದ ಡಬ್ಬಿ ತೆರೆದು, ಮುಂದೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಕಪಾಟು ತುಂಬ ಚರಿತ್ರೆ ಪುಸ್ತಕ. ಕಾನೂನು ಪುಸ್ತಕಕ್ಕಿಂತ ಅವೇ ಜಾಸ್ತಿ.

"ಸಿಗ್ತಾ ಅಣ್ಣ?"

"ಇಲ್ಲ."

ಎಷ್ಟು ಸಲೀಸಾಗಿ ಬಂತು ಅಂತೀರಿ ಆ ಸುಳ್ಳು!

ಅವಳು ಬೈಯಲಿಲ್ಲ. ಸರಿ ಬಿಡು, ಇರೋದರಲ್ಲೇ ನೋಡ್ತೀನಿ ಅಂದಳು. ನನ್ನ ಮೊಣಕೈ ನೋಡಿ ಡ್ರಾಯರಿಂದ ಔಷಧಿ ತೆಗೆದು ಕೊಟ್ಟಳು. ಅದು ಇನ್ನೂ ಉರಿಸ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನೇ ಕೆಣಕಿದೆ. ಕಳ್ಳರು ಸುಳ್ಳರಿಗೋಸ್ಕರ ಯಾಕೆ ಹೀಗೆ ಜೀವ ತೇಯ್ತೀಯ ಅಂದೆ. ಅಜ್ಜನ ಕತೆ ಕೇಳಿ ತಲೆ ಕೆಟ್ಟಿದೆ ನಿನಗೆ ಅಂದೆ. ಆ ಕತೆ ನಾನೂ ಕೇಳಿದ್ದೀನಿ, ನಿನಗಿಂತ ಮೊದಲೇ ಕೇಳಿದ್ದೀನಿ ಅಂದೆ.

ನಮ್ಮಜ್ಜ ಪರದೇಶದವರ ಆಳ್ವಿಕೆ ವಿರುದ್ಧ ಹೋರಾಡಿದವನು. ಜೈಲಿನ ಗೋಡೆ ಹಾರಿ ತಪ್ಪಿಸಿಕೊಂಡವನು. ಹೇಗೆ ಹಾರಿದ, ಗುಂಡು ಹೇಗೆ ಕಿವಿ ಪಕ್ಕದಲ್ಲೇ ಹೋಯ್ತು... ಚಿಕ್ಕವನಿದ್ದಾಗ ನೂರು ಸಲ ಕೇಳಿದ್ದೆ.

ತಂಗಿ ಡಬ್ಬಿ ಮುಚ್ಚಿದಳು.

"ಗೋಡೆ ಹಾರಿದ್ದನ್ನ ಅಜ್ಜ ನನಗೆ ಹೇಳಲೇ ಇಲ್ಲ ಅಣ್ಣ."

"ಮತ್ತೇನು ಹೇಳಿದ?"

ಆಗ ಹೇಳಿದಳು. ಗೋಡೆ ಹಾರಿದ ಮೇಲೆ ಅಜ್ಜ ಮತ್ತೆ ಸಿಕ್ಕಿಬಿದ್ದನಂತೆ. ಈ ಸಲ ಮೂರು ವರ್ಷ ಒಳಗೆ. ವಿಚಾರಣೆ ಇಲ್ಲ, ಕೋರ್ಟಿಲ್ಲ. ಒಂದು ದಿನ ಒಬ್ಬ ಲಾಯರು ಬೇರೆ ಯಾರನ್ನೋ ನೋಡೋಕೆ ಜೈಲಿಗೆ ಬಂದವನು, ಕಂಬಿ ಹಿಂದೆ ಅಜ್ಜನನ್ನ ಕಂಡ. ಇವನನ್ನ ಯಾವ ಆರ್ಡರ್ ಮೇಲೆ ಇಟ್ಟಿದ್ದೀರಿ ಅಂತ ಜೈಲರನ್ನ ಕೇಳಿದ. ಜೈಲರ್ ಹುಡುಕಿದ. ಆರ್ಡರೇ ಇರಲಿಲ್ಲ! ಮೂರು ವರ್ಷ, ಒಂದು ಚೂರು ಕಾಗದವಿಲ್ಲದೆ ಒಬ್ಬ ಮನುಷ್ಯ ಒಳಗಿದ್ದ. ಯಾರೂ ಕೇಳಿರಲಿಲ್ಲ, ಅದಕ್ಕೆ ಇದ್ದ.

"ಅಜ್ಜ ಏನಂದ ಗೊತ್ತಾ? ಗೋಡೆ ಹಾರಿದಾಗ ನಾನೊಬ್ಬನೇ ಹೊರಗೆ ಬಂದೆ. ಆ ಮನುಷ್ಯ ಕೇಳಿದ ಮೇಲೆ ಕಾಗದವಿಲ್ಲದೆ ಒಳಗಿದ್ದ ಹನ್ನೊಂದು ಜನ ಬಂದೆವು, ಅಂದ."

"ಯಾರಂತೆ ಆ ಲಾಯರು?"

"ಗೊತ್ತಿಲ್ಲ. ಅವನ ಹೆಸರು ಹುಡುಕೋಕೆ ಅಂತಲೇ ಹಿಸ್ಟರಿ ಓದಿದೆ. ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಆಮೇಲೆ ಲಾ ಓದಿದೆ."

ಕಿಟಕಿ ಕಡೆ ತಿರುಗಿದೆ. ದುಃಖಕ್ಕಲ್ಲ. ಹೊಟ್ಟೆಕಿಚ್ಚಿಗೆ! ಅಜ್ಜ ಒಳ್ಳೇ ಕತೆಯನ್ನ ಅವಳಿಗೆ ಎತ್ತಿಟ್ಟಿದ್ದ. ನನಗೆ ಯಾಕೆ ಹೇಳಲಿಲ್ಲ ಅಂದೆ. ಮಗು ಥರ ಕೇಳಿದೆ.

"ಹೇಳೋಕೆ ಬರ್ತಿದ್ದ ಅಣ್ಣ. ನೀನು ಬಿಡ್ತಿರಲಿಲ್ಲ. ಗೋಡೆ ಕತೆ ಹೇಳು, ಗೋಡೆ ಕತೆ ಹೇಳು ಅಂತಿದ್ದೆ."

ನಿಜ ಇರಬೇಕು.

ಕುರ್ಚಿ ಮೇಲೆ ಕೂತೆ. ಹದಿನಾಲ್ಕು ವರ್ಷದಲ್ಲಿ ಎಷ್ಟು ಲಾಕಪ್ ಬಾಗಿಲು ಹಾಕಿದ್ದೀನೋ ಲೆಕ್ಕವಿಲ್ಲ. ಒಂದು ಸಲವಾದರೂ ಕಾಗದ ಎಲ್ಲಿ ಅಂತ ಕೇಳಿದ್ದೆನಾ? ಬೀಗ ಹಾಕು ಅಂದರು, ಹಾಕಿದೆ. ಅಜ್ಜನ ಬಾಗಿಲಿಗೆ ಬೀಗ ಹಾಕಿದವನೂ ನನ್ನಂಥ ಒಬ್ಬ ಸಂಬಳದವನೇ ಇರಬೇಕು. ಅವನೂ ಸಂಜೆ ಮನೆಗೆ ಹೋಗಿ ಮಗುವಿಗೆ ಕತೆ ಹೇಳಿರಬೇಕು.

ಗಡಿಯಾರ ನೋಡಿದೆ. ಎರಡಕ್ಕೆ ಹತ್ತು ನಿಮಿಷ.

"ಪುಟ್ಟಿ," ಅಂದೆ. ಹಾಗೆ ಕರೆದು ಎಷ್ಟೋ ವರ್ಷವಾಗಿತ್ತು. "ಇಸ್ತ್ರಿ ಅಂಗಡಿ ಅಕ್ಕ ಕೋರ್ಟಿಗೆ ಕೋಟಿನ ಗಂಟು ತರ್ತಾಳಲ್ಲ, ಅದನ್ನ ಇವತ್ತು ನೀನೇ ಬಿಚ್ಚು. ಬೇರೆ ಯಾರೂ ಮುಟ್ಟೋದು ಬೇಡ."

ಅವಳು ನನ್ನ ನೋಡಿದಳು. ಅರ್ಧ ಗಂಟೆಯ ಹಿಂದೆ ನಾನು ಹೇಳಿದ್ದು ಸುಳ್ಳು ಅಂತ ಅವಳಿಗೆ ಗೊತ್ತಾಯ್ತು. ಅವಳಿಗೆ ಗೊತ್ತಾಯ್ತು ಅಂತ ನನಗೂ ಗೊತ್ತಾಯ್ತು.

ಕಪಾಟಿಂದ ದಪ್ಪದೊಂದು ಪುಸ್ತಕ ಎಳೆದು ಶರ್ಟಿನೊಳಗೆ ತುರುಕಿದೆ. ಬೀದಿಗಿಳಿದೆ. ಆಳುಗಳಿಗೆ ನನ್ನ ಉಬ್ಬಿದ ಹೊಟ್ಟೆ ಕಾಣೋ ಹಾಗೆ ಒಂದು ಸಲ ತಿರುಗಿ ನಿಂತೆ.

ಆಮೇಲೆ ಕೋರ್ಟಿಗೆ ಬೆನ್ನು ಮಾಡಿ ಓಡಿದೆ.

ಬಸ್ ಸ್ಟ್ಯಾಂಡ್ ದಾಟಿದೆ. ಹಣ್ಣಿನ ಗಾಡಿಯೊಂದಕ್ಕೆ ಡಿಕ್ಕಿ ಹೊಡೆದೆ. ಗಾಡಿಯವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ಹಿಂದೆ ಇಬ್ಬರು, ಅವರ ಹಿಂದೆ ಬಿಳೀ ಕಾರು. ಬರಲಿ! ಎಷ್ಟು ದೂರ ಬಂದರೆ ಅಷ್ಟು ಒಳ್ಳೇದು. ಶಾಲೆಯೊಂದರ ಕಾಂಪೌಂಡ್ ಗೋಡೆ ಎದುರಾಯ್ತು. ಎದೆಮಟ್ಟದ್ದಲ್ಲ, ತಲೆಮಟ್ಟದ್ದು. ಎಡಗಾಲು ಮೊದಲು, ಮೈ ಗೋಡೆಗೆ ಅಂಟಬೇಕು, ಕೆಳಗೆ ನೋಡಬಾರದು... ಅಜ್ಜ ನೂರು ಸಲ ಹೇಳಿಕೊಟ್ಟಿದ್ದ.

ಹಾರಿದೆ. ಆಚೆ ಕಡೆ ಮೊಣಕಾಲು ಕೈ ಕೊಟ್ಟಿತು.

ಎರಡೂ ಮುಕ್ಕಾಲಿಗೆ ಹಿಡಿದರು. ಶಾಲೆಯ ಸೈಕಲ್ ಶೆಡ್ಡಿನ ಹಿಂದೆ. ಇನ್ಸ್‌ಪೆಕ್ಟರ್ ತಾನೇ ನನ್ನ ಶರ್ಟಿನ ಗುಂಡಿ ಕಿತ್ತು ಪುಸ್ತಕ ಎಳೆದ. ಬಿಚ್ಚಿದ. ಮೊದಲ ಪುಟ, ಎರಡನೇ ಪುಟ. ಯಾವುದೋ ದೇಶದ ಕ್ರಾಂತಿಯ ಚರಿತ್ರೆ.

"ಓದು," ಅಂದೆ. "ಪರೀಕ್ಷೆಗೆ ಬರುತ್ತೆ."

ಆಮೇಲೆ ಆಗಿದ್ದನ್ನ ವಿವರಿಸೋದು ಬೇಡ. ಎರಡು ಪಕ್ಕೆಲುಬು, ಒಂದು ಹಲ್ಲು.

ಕೋರ್ಟಿನಲ್ಲಿ ನಡೆದದ್ದನ್ನ ನಾನು ನೋಡಲಿಲ್ಲ. ಯಾವತ್ತೂ ನೋಡಿಲ್ಲ. ಅವಳು ಗೆಲ್ಲೋ ಹೊತ್ತಿಗೆ ನಾನು ಎಲ್ಲಾದರೂ ಬಿದ್ದಿರ್ತೀನಿ. ಇಸ್ತ್ರಿ ಅಂಗಡಿ ಅಕ್ಕ ಆಸ್ಪತ್ರೆಗೆ ಬಂದು ಹೇಳಿದಳು. ಲಾಯರಮ್ಮ ಒಂದು ಸಲವೂ ದನಿ ಏರಿಸಲಿಲ್ಲವಂತೆ. ರಿಜಿಸ್ಟರು ಜಡ್ಜ್ ಮುಂದೆ ಇಟ್ಟಳಂತೆ. ಸಹಿ ಹಾಕಿದ ಕಾನ್‌ಸ್ಟೇಬಲ್ ಅಲ್ಲೇ ಬಾಗಿಲ ಹತ್ತಿರ ಡ್ಯೂಟಿಯಲ್ಲಿದ್ದ. ಅವನನ್ನ ಕರೆಸಿ, ಈ ಸಹಿ ನಿಮ್ಮದಾ ಅಂದಳಂತೆ. ಅವನು ಬಗ್ಗಿ ರಿಜಿಸ್ಟರು ನೋಡಿದ. ನನ್ನದೇ ಅಂದ.

ಬೀಗದವನು ಅವತ್ತು ಸಂಜೆಯೇ ಮನೆಗೆ ಹೋದ.

ಮರುದಿನ ಪೇಪರಲ್ಲಿ ಫೋಟೋ ಬಂತು. ಅವಳು ಕೋರ್ಟ್ ಮೆಟ್ಟಿಲ ಮೇಲೆ. ವಾರದ ನಂತರ ಬೀಗದವನ ಹೆಂಡತಿ ಆಫೀಸಿಗೆ ಬಂದು ಅವಳ ಎರಡೂ ಕೈ ಹಿಡಿದು ಅತ್ತಳು. ಹೋಗ್ತಾ ಬಾಗಿಲ ಹತ್ತಿರ, ಪಕ್ಕೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ನನ್ನ ಕಂಡು, ನೀವು ಅಮ್ಮನ ಡ್ರೈವರಾ ಅಂದಳು.

ಹೌದು ಅಂದೆ. ಇನ್ನೇನು ಹೇಳಲಿ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಿಂಗಳಾದ ಮೇಲೆ ಇನ್ಸ್‌ಪೆಕ್ಟರನ್ನ ಅವನ ಮೇಲಿನವರೇ ಒಳಗೆ ಹಾಕಿದರು. ಬೀಗದವನ ಸುಳ್ಳು ಕೇಸಲ್ಲಿ ತಮ್ಮ ಹೆಸರು ಬರಬಾರದು ನೋಡಿ, ಎಲ್ಲಾ ಇವನೊಬ್ಬನ ತಲೆಗೆ ಕಟ್ಟಿದರು. ಒಂಬತ್ತು ದಿನವಾದರೂ ಕೋರ್ಟಿಗೆ ತರಲಿಲ್ಲ. ಊರಿನ ಒಬ್ಬ ಲಾಯರೂ ಅವನ ಫೈಲು ಮುಟ್ಟಲಿಲ್ಲ. ಅವನ ಹೆಂಡತಿ ಬಂದು ನನ್ನ ತಂಗಿಯ ಮುಂದೆ ಕೂತಳು.

ತಂಗಿ ಕೇಸು ತಗೊಂಡಳು.

ನಾನು ಕೂಗಾಡಿದೆ. ನನ್ನ ಪಕ್ಕೆ ತೋರಿಸಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಅವನು ಮಾಡಿದ್ದಕ್ಕೆ ಶಿಕ್ಷೆ ಆಗಲಿ, ಆದರೆ ಕೋರ್ಟಿನಲ್ಲಿ ಆಗಲಿ ಅಂದಳು. ನಮಗೆ ಬೇಕಾದವರಿಗೆ ಮಾತ್ರ ಕೊಡೋದಾದರೆ ಅದು ಸ್ವಾತಂತ್ರ್ಯ ಅಲ್ಲ, ಉಡುಗೊರೆ ಅಂದಳು. ಅವಳಿಗೆ ಇಂಥ ಮಾತು ಅದೆಲ್ಲಿಂದ ಹೊಳೆಯುತ್ತೋ! ಅದಕ್ಕೂ ನನಗೆ ಹೊಟ್ಟೆ ಉರಿಯಿತು.

"ಹೋಗಿ ಅವನ ಹೇಳಿಕೆ ಬರಕೊಂಡು ಬಾ ಅಣ್ಣ. ಮರ್ಯಾದೆಯಿಂದ ಮಾತಾಡಿಸು."

ಹೋದೆ. ಅವನು ಲಾಕಪ್ಪಿನ ಮೂಲೆಯಲ್ಲಿ, ಬರೀ ನೆಲದ ಮೇಲೆ ಕೂತಿದ್ದ. ನನ್ನ ಕಂಡು ಮುಖ ತಿರುಗಿಸಿದ. ಮರ್ಯಾದೆಯಿಂದಲೇ ಮಾತಾಡಿಸಿದೆ. ಎಲ್ಲಾ ಬರಕೊಂಡೆ, ಒಂದಕ್ಷರ ಬಿಡದೆ. ಕೊನೆಗೆ ಅವನು, ಸ್ವಲ್ಪ ನೀರು ಬೇಕಿತ್ತು ಅಂದ.

ತಂದುಕೊಟ್ಟೆ. ಅವಸರ ಮಾತ್ರ ಮಾಡಲಿಲ್ಲ.